ಸಾಲಪತ್ರದ ಒಂದು ಸಾಲು

ಪ್ರತಿ ವರ್ಷ ನವರಾತ್ರಿ ಹತ್ತಿರ ಬಂದಂತೆಲ್ಲ ಬ್ರೂಸ್‌ಪೇಟೆಯ ನಮ್ಮ ಓಣಿಗೆ ಸುಣ್ಣದ ವಾಸನೆ ಹಿಡಿಯುತ್ತದೆ. ಒಬ್ಬರ ಮನೆಯ ಗೋಡೆ ಬೆಳ್ಳಗಾದ ಕೂಡಲೆ ಪಕ್ಕದ ಮನೆಯ ಗೋಡೆ, ನಿನ್ನೆಯವರೆಗೂ ಚೆನ್ನಾಗಿಯೇ ಇದ್ದದ್ದು, ಇದ್ದಕ್ಕಿದ್ದಂತೆ ಕೊಳಕಾಗಿ ಕಾಣತೊಡಗುತ್ತದೆ. ಆದ್ದರಿಂದ ಇದನ್ನು ಸಾಂಕ್ರಾಮಿಕ ವ್ಯಾಧಿಗಳ ಪಟ್ಟಿಗೆ ಸೇರಿಸಬೇಕೆಂದು ನನ್ನ ಅಭಿಪ್ರಾಯ. ನಾನು ಹೇಳಹೊರಟಿರುವ ವರ್ಷದಲ್ಲಿ ಓಣಿಯ ಮನೆಗಳೆಲ್ಲ ಬೆಳ್ಳಗಾದವು, ನನ್ನದೊಂದು ಮಾತ್ರ ಹಾಗೆಯೇ ಉಳಿಯಿತು. ಸುಣ್ಣ ದುಬಾರಿಯಾಗಿತ್ತೆಂದಲ್ಲ. ನನಗೊಂದು ಧರ್ಮಸೂಕ್ಷ್ಮದ ಸಂದೇಹ ಹುಟ್ಟಿತ್ತು: ಅಡಮಾನಕ್ಕಿಟ್ಟ ಮನೆಗೆ ಸುಣ್ಣ ಬಳಿಯಬೇಕಾದವರು ಇಟ್ಟವರೋ, ಇಟ್ಟುಕೊಂಡವರೋ? ಒಂಬತ್ತು ಅಂಕಣದ ಆ ಮನೆಯಲ್ಲಿ ಸಾಲವನ್ನು ಕಳೆದು ಲೆಕ್ಕ ಹಾಕಿದರೆ ಅಡುಗೆಮನೆ ಮತ್ತು ಹಿತ್ತಿಲ ಬಾಗಿಲು ಮಾತ್ರ ನನ್ನ ಪಾಲಿಗೆ ಉಳಿಯುತ್ತಿದ್ದವು. ಅಡುಗೆಮನೆಗೆ ಹೊಗೆಯೇ ಬಣ್ಣ, ಸುಣ್ಣದ ಅಗತ್ಯವಿರಲಿಲ್ಲ.

ಇಂಥ ವಾದಗಳು ನನಗೆ ಸುಲಭವಾಗಿ ಹೊಳೆಯುತ್ತವೆ, ಏಕೆಂದರೆ ವಾದಗಳ ನಡುವೆಯೇ ನನ್ನ ಅನ್ನ ಬೇಯುತ್ತದೆ. ನಾನು ಬಳ್ಳಾರಿಯ ಕೋರ್ಟಿನಲ್ಲಿ ತರ್ಜುಮೆಯ ಗುಮಾಸ್ತ. ರೈತರೂ ವರ್ತಕರೂ ಕನ್ನಡದಲ್ಲಿ, ತೆಲುಗಿನಲ್ಲಿ ಬರೆದುಕೊಂಡ ಪತ್ರಗಳನ್ನು ದೊರೆಗಳಿಗೆ ಅರ್ಥವಾಗುವಂತೆ ಇಂಗ್ಲಿಷಿಗೆ ತಿರುಗಿಸುವುದು ನನ್ನ ಕೆಲಸ. ಪರರ ಸಾಲವನ್ನು ಇಂಗ್ಲಿಷಿಗೆ ತಿರುಗಿಸುವುದರಲ್ಲಿ ನನ್ನಷ್ಟು ನಿಪುಣನು ಕಚೇರಿಯಲ್ಲಿ ಇನ್ನೊಬ್ಬನಿರಲಿಲ್ಲ. ನನ್ನ ಸಾಲವನ್ನು ಹಿಂದಿರುಗಿಸುವ ವಿಷಯದಲ್ಲಿ ಆ ನೈಪುಣ್ಯ ನನಗೆ ಕೈಕೊಟ್ಟಿತ್ತು.

ಸಾಲ ಆದದ್ದು ಹೀಗೆ. ತಂದೆಯವರು ತೀರಿಕೊಂಡ ಮೇಲೆ ಮನೆ ನನಗೂ ನನ್ನ ಅಣ್ಣನಿಗೂ ಪಾಲಾಯಿತು. ಅಣ್ಣ ಊರು ಬಿಟ್ಟು ಹೋಗುವವನಿದ್ದ. ತನ್ನ ಪಾಲನ್ನು ಹತ್ತಿಯ ವ್ಯಾಪಾರಿಯೊಬ್ಬನಿಗೆ ಗೋದಾಮಿಗೆಂದು ಮಾರುತ್ತೇನೆಂದ. ನಡುಮನೆಯಲ್ಲಿ ಗೋಡೆ ಎದ್ದು, ಗೋಡೆಯಾಚೆ ಹತ್ತಿಯ ಮೂಟೆಗಳು ಕೂರುವುದನ್ನು ನಾನೂ ನನ್ನ ಹೆಂಡತಿ ರಮೆಯೂ ಊಹಿಸಿಕೊಳ್ಳಲಾರದೆ ಹೋದೆವು. ಸಿರುಗುಪ್ಪದ ಸಾಹುಕಾರರೊಬ್ಬರಲ್ಲಿ ಇಡೀ ಮನೆಯನ್ನು ಅಡಮಾನವಿಟ್ಟು ಆರುನೂರು ರೂಪಾಯಿ ತಂದು ಅಣ್ಣನ ಪಾಲನ್ನು ನಾನೇ ಕೊಂಡೆ. ಎಂಟು ವರ್ಷದ ಗಡುವು, ವರ್ಷಕ್ಕೊಮ್ಮೆ ಬಡ್ಡಿ. ಇಬ್ಬರಿದ್ದಾಗ ಅದು ಭಾರವೆನಿಸಲಿಲ್ಲ. ರಮೆ ಸಂಬಳದ ದಿನವೇ ಬಡ್ಡಿಯ ಪಾಲನ್ನು ಎಣಿಸಿ ಸಾಸಿವೆ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ನಾಲ್ಕನೆಯ ವರ್ಷ ಅವಳಿಗೆ ಜ್ವರ ಬಂತು. ಇಪ್ಪತ್ತೆರಡು ದಿನ ಮಲಗಿದಳು. ನಮ್ಮ ಮಗಳು ತುಂಗಾಳಿಗೆ ಆಗ ಆರು ವರ್ಷ.

ಆ ವರ್ಷದ ಬಡ್ಡಿ ನಿಂತಿತು. ಔಷಧಕ್ಕೆ, ಆಮೇಲೆ ಕರ್ಮಾಂತರಗಳಿಗೆ ಆದ ಕೈಸಾಲಗಳನ್ನು ತೀರಿಸುವುದರಲ್ಲಿ ಮರುವರ್ಷದ್ದೂ ನಿಂತಿತು. ನಿಂತ ಬಡ್ಡಿ ಸುಮ್ಮನೆ ನಿಲ್ಲುವುದಿಲ್ಲ, ನಮ್ಮ ಕಡೆಗೆ ನಡೆದು ಬರುತ್ತದೆ. ಹೆದ್ದಾರಿಯಲ್ಲಿ ಸಿರುಗುಪ್ಪದ ಕಡೆಯ ಗಾಡಿ ಕಂಡರೆ ನಾನು ಪಕ್ಕದ ಸಂದಿಗೆ ಸರಿಯುತ್ತಿದ್ದೆ. ಆ ಊರಿನವರು ಸುತ್ತುವ ಹಾಗೆ ರುಮಾಲು ಸುತ್ತಿದವರು ಯಾರಾದರೂ ಕೋರ್ಟಿನ ಪಡಸಾಲೆಯಲ್ಲಿ ನಿಂತಿದ್ದರೆ ಮಧ್ಯಾಹ್ನದ ಊಟಕ್ಕೆ ಹೊರಗೆ ಬರುತ್ತಿರಲಿಲ್ಲ. ‘ಸ್ವಾಧೀನ’ ಎಂಬ ಮಾತನ್ನು ತರ್ಜುಮೆ ಮಾಡುವಾಗ ಇಂಗ್ಲಿಷಿನ ‘ಪೊಸೆಷನ್’ ಪದದಲ್ಲಿ ಇರಬೇಕಾದದ್ದಕ್ಕಿಂತ ಒಂದೆರಡು ಅಕ್ಷರ ಹೆಚ್ಚಾಗಿಯೇ ಬೀಳುತ್ತಿದ್ದವು. ಆಗ ನಾನು ನಲವತ್ತನಾಲ್ಕು ವರ್ಷದ, ಜುಟ್ಟು ನರೆಯುತ್ತಿದ್ದ ಗೃಹಸ್ಥ. ಗೃಹವೂ ತನ್ನದಲ್ಲದ, ಗೃಹಿಣಿಯೂ ಇಲ್ಲದ ಮನುಷ್ಯನನ್ನು ಆ ಹೆಸರಿನಿಂದ ಕರೆಯುವುದು ಶಬ್ದಶಾಸ್ತ್ರಕ್ಕೆ ಒಪ್ಪುತ್ತದೆಯೋ ಇಲ್ಲವೋ ತಿಳಿಯದು.

ಆದರೆ ಮನೆಯೊಳಗೆ ತುಂಗಾ ಇದ್ದಳು. ಅವಳನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಸಂಜೆ ನಾನು ಕಚೇರಿಯ ಕಾಗದಗಳನ್ನು ಮನೆಗೆ ತಂದು ನಕಲು ಮಾಡುವಾಗ ಅವಳು ಪಕ್ಕದಲ್ಲೇ ಕೂತಿರುತ್ತಿದ್ದಳು. ಮೊದಲು ಅಕ್ಷರ ಗುರುತಿಸಿದಳು, ಆಮೇಲೆ ಪದ, ಆಮೇಲೆ ಇಡೀ ಪತ್ರ. ಬೇರೆ ಮಕ್ಕಳು ಗಿಣಿ, ಆನೆ, ಬಾಳೆಹಣ್ಣು ಎಂದು ಓದು ಕಲಿತರೆ ನನ್ನ ಮಗಳು ‘ನನ್ನ ಸ್ವಖುಷಿಯಿಂದ ಬರೆದುಕೊಟ್ಟ ಪತ್ರ’ ಎಂದು ಕಲಿತಳು. ಗೊಂಬೆಯಾಟದಲ್ಲಿ ಕೂಡ ಒಂದು ಗೊಂಬೆ ಇನ್ನೊಂದಕ್ಕೆ ಕುಬುಸವನ್ನು ಆಚಂದ್ರಾರ್ಕವಾಗಿ ಬರೆದುಕೊಡುತ್ತಿತ್ತು. ಕ್ರಮೇಣ ಅವಳು ನನಗೆ ನಿಜವಾದ ಸಹಾಯಕಿಯಾದಳು. ನಾನು ನಕಲನ್ನು ಗಟ್ಟಿಯಾಗಿ ಓದುವುದು, ಅವಳು ಮೂಲದ ಮೇಲೆ ಬೆರಳಿಟ್ಟುಕೊಂಡು ಬರುವುದು, ನಾನು ಸಾಲು ಬಿಟ್ಟರೆ ಹೇಳುವುದು. ಬಿಟ್ಟ ಸಾಲೊಂದಕ್ಕೆ ಬೆಲ್ಲದ ತುಂಡೊಂದು. ನಾನು ಎಷ್ಟೋ ಸಲ ಬೇಕೆಂದೇ ಬಿಡುತ್ತಿದ್ದೆ. ಅವಳು ಒಂದನ್ನೂ ಬಿಡುತ್ತಿರಲಿಲ್ಲ.

ಗೋಡೆಗಳು ಸುಣ್ಣ ಕಾಣದ ಆ ವರ್ಷ, ದಸರೆಯ ರಜೆಗೆ ಎರಡು ದಿನ ಮುಂಚೆ ಹತ್ತಿಯ ಗಾಡಿಯವನೊಬ್ಬ ಬಾಗಿಲಿಗೆ ಬಂದು ನಿಂತ. ಸಿರುಗುಪ್ಪದ ಸಾಹುಕಾರರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ವ್ಯವಹಾರವೆಲ್ಲ ಈಗ ಅವರ ಹೆಂಡತಿ ಪಂಪಮ್ಮನವರ ಕೈಯಲ್ಲಿ.

“ಪಂಪಮ್ಮಾರು ಬರಾಕ ಹೇಳ್ಯಾರ್ರಿ” ಎಂದ ಅವನು. “ಕಾಗದದ ಮಾತೈತಂತ. ರಜಾದಾಗ ಬರಲಿ ಅಂದ್ರು.”

ನಾನು ಎರಡು ವರ್ಷದಿಂದ ತಪ್ಪಿಸಿಕೊಂಡ ಮಾತು ಮನೆಯ ಹೊಸ್ತಿಲವರೆಗೆ ತಾನೇ ಬಂದಿತ್ತು. ತುಂಗಾಳನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ. ಅವಳನ್ನೂ ಕರೆದುಕೊಂಡು, ಕೌಲ್ ಬಜಾರಿನ ಹುಸೇನ್ ಸಾಬರ ಎತ್ತಿನ ಗಾಡಿಯಲ್ಲಿ ಹೊರಟೆ. ಹುಸೇನ್ ಸಾಬರು ನನಗಿಂತ ಹತ್ತು ವರ್ಷ ಹಿರಿಯರು. ಬಳ್ಳಾರಿಯ ಗುಡ್ಡ ಹಿಂದಾಗುವವರೆಗೂ ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದು, ಆಮೇಲೆ ಏನು ಸಮಾಚಾರವೆಂದು ಕೇಳಿದರು. ಯಾರಿಗೂ ಹೇಳದಿದ್ದದ್ದನ್ನು ಅವರಿಗೆ ಹೇಳಿದೆ. ಗಾಡಿಯಲ್ಲಿ ಕೂತವರು ಒಬ್ಬರ ಮುಖ ಒಬ್ಬರಿಗೆ ಕಾಣದೆ ಮಾತಾಡಬಹುದು, ಅದೊಂದು ಅನುಕೂಲ.

“ಈ ಎತ್ತೂ ಸಾಲದ್ವ ರಾಯರ” ಎಂದರು ಸಾಬರು. “ಅವಕ್ಕ ಗೊತ್ತಿಲ್ಲ, ಆರಾಮ ನಡ್ಯಾಕ ಹತ್ಯಾವ. ಗೊತ್ತಿದ್ದಾವ ನಾನು. ಹಂಗಂತ ನಾ ಕುಂತು ಅತ್ರ ಗಾಡಿ ಮುಂದ ಹೋಗ್ತೈತೇನು?”

ದಾರಿಯಲ್ಲಿ ಕುರುಗೋಡು. ಅಲ್ಲಿ ನನ್ನ ಅಕ್ಕ ಭೀಮಕ್ಕನ ಮನೆ. ಒಂದು ದಿನ ತಂಗಿ ಹೋಗುವುದೆಂದು ಇಳಿದೆವು. ಅಕ್ಕನಿಗೆ ನನ್ನ ಸಾಲದ ಸಂಗತಿ ಗೊತ್ತಿತ್ತು, ಮತ್ತು ಅವಳು ಅದಕ್ಕೊಂದು ಪರಿಹಾರವನ್ನು ಸಿದ್ಧಪಡಿಸಿ ಇಟ್ಟಿದ್ದಳು. ಅದೇ ಊರಿನ ಗೃಹಸ್ಥರೊಬ್ಬರಿಗೆ ಹನ್ನೆರಡು ವರ್ಷದ ಮಗಳು, ಹೆಸರು ಸೀತಾ. ಜಾತಕದಲ್ಲಿ ಏನೋ ದೋಷವೆಂದು ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ತಂದೆ ಸಾವಿರ ರೂಪಾಯಿ ವರದಕ್ಷಿಣೆ ಕೊಟ್ಟು ಯಾರಿಗಾದರೂ ಮಾಡಿಕೊಡಲು ತಯಾರಿದ್ದರು.

“ಶೀನೂ, ಗಂಡಸರಿಗೆ ನಲವತ್ತನಾಲ್ಕು ಅಂದ್ರ ಏನ್ ವಯಸ್ಸೋ” ಎಂದಳು ಅಕ್ಕ, ಎಲೆಯ ಮುಂದೆ ಕೂತ ನನಗೆ ಎರಡನೆಯ ಸಲ ತುಪ್ಪ ಬಡಿಸುತ್ತ. “ಸಾಲ ತೀರ್ತದ. ತುಂಗಾಗ ಒಬ್ಬಾಕಿ ತಾಯಿ ಬರ್ತಾಳ. ನೀನು ಒಲೀ ಮುಂದ ಕೈ ಸುಟ್ಕೊಳ್ಳೋದು ತಪ್ತದ. ಇದರಾಗ ತಪ್ಪೇನದ, ನೀನೇ ಹೇಳು.”

ತಪ್ಪೇನೂ ಇರಲಿಲ್ಲ, ಓಣಿಯಲ್ಲಿ ಇಂಥ ಮದುವೆಗಳು ನಡೆಯುತ್ತಲೇ ಇದ್ದವು. ನಿಜ ಹೇಳಬೇಕೆಂದರೆ, ಸಾವಿರ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಎದೆಯ ಮೇಲಿನ ಕಲ್ಲೊಂದು ತುಸು ಅಲುಗಿತು. ಮನೆಯನ್ನು ಬಿಡಿಸಿಕೊಳ್ಳಲು ಮನೆಯ ಯಜಮಾನನನ್ನೇ ಒತ್ತೆಯಿಡುವ ವ್ಯವಹಾರವಿದು ಎಂದು ಮನಸ್ಸು ಚುಚ್ಚಿದರೂ, ಒತ್ತೆಯಿಡಲು ನನ್ನಲ್ಲಿ ಬೇರೆ ವಸ್ತುವಿರಲಿಲ್ಲ. ಹಿಂದಿರುಗುವಾಗ ಹೇಳುತ್ತೇನೆಂದೆ. ಅಕ್ಕ ಅದನ್ನು ಒಪ್ಪಿಗೆಯೆಂದೇ ತಿಳಿದಳು. ನಾನೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೆ.

ಆ ಸಂಜೆ ಸೀತಾ ತನ್ನ ತಾಯಿಯೊಡನೆ ಅಕ್ಕನ ಮನೆಗೆ ಬಂದಿದ್ದಳು. ಹಿರಿಯರು ಒಳಗೆ ಮಾತಾಡುತ್ತಿದ್ದಾಗ ಅವಳೂ ತುಂಗಾಳೂ ಕಟ್ಟೆಯ ಮೇಲೆ ಐದು ಕಲ್ಲಿನ ಆಟ ಆಡಿದರು. ಮರುದಿನ ಬೆಳಿಗ್ಗೆ ಗಾಡಿ ಹತ್ತಿದ ಮೇಲೆ ತುಂಗಾ ತಾನಾಗಿಯೇ ಹೇಳಿದಳು:

“ಅಪ್ಪಾ, ಸೀತಕ್ಕ ಒಂದು ಕೇಳಿದ್ಳು. ನಿಮ್ಮಪ್ಪ ಹೊಡೀತಾರೇನು ಅಂತ.”

“ನೀನೇನಂದಿ?”

“ಇಲ್ಲ, ಸಾರಿಗೆ ಉಪ್ಪು ಹಾಕೋದು ಮರೀತಾರ ಅಷ್ಟ ಅಂದೆ. ಯಾಕ ಕೇಳಿದ್ಳು?”

ಹುಸೇನ್ ಸಾಬರು ಎತ್ತುಗಳಿಗೆ ಏನೋ ಹೇಳುತ್ತ ಮುಂದೆ ನೋಡುತ್ತಿದ್ದರು.

ಸಿರುಗುಪ್ಪದಲ್ಲಿ ಪಂಪಮ್ಮನವರ ಮನೆ ಕಾಲುವೆಯ ಬದಿಗೆ. ಪಡಸಾಲೆಯ ತುಂಬ ಬತ್ತದ ಚೀಲಗಳು, ಅವುಗಳ ನಡುವೆ ಕಂಬಳಿ ಹಾಸಿ ಕೂತಿದ್ದರು ಅವರು. ಐವತ್ತರ ಹೆಂಗಸು, ಹಣೆಗೆ ವಿಭೂತಿ, ಮುಂದೆ ತೆರೆದ ಪೆಟ್ಟಿಗೆ. ದಾರಿಯುದ್ದಕ್ಕೂ ನಾನೊಂದು ಮನವಿಯನ್ನು ಮನಸ್ಸಿನಲ್ಲೇ ರಚಿಸಿಕೊಂಡಿದ್ದೆ. ಅದರಲ್ಲಿ ದಯೆ, ದಾಕ್ಷಿಣ್ಯ, ದೈವೇಚ್ಛೆ ಎಲ್ಲ ಯಥಾಸ್ಥಾನದಲ್ಲಿದ್ದವು. ಅವರನ್ನು ಕಂಡ ಕೂಡಲೆ ‘ದ’ಕಾರವೊಂದೂ ಬಾಯಿಗೆ ಬರಲಿಲ್ಲ.

“ಬರ್ರಿ ರಾಯರ, ಕುಂದರ್ರಿ” ಎಂದರು. “ಮಗಳೇನು? ಬಾರವ್ವ. ನೋಡ್ರಿ, ನನಗ ಓದಾಕ ಬರೂದಿಲ್ಲ. ನಮ್ಮ ಮೈದುನ ಈ ಕಾಗದ ಎಲ್ಲಾ ಓದಿ ಹೇಳ್ಯಾನ. ಅವ ಓದಿದ್ದು ಖರೇನೋ ಸುಳ್ಳೋ ನನಗ ಹೆಂಗ ತಿಳೀಬೇಕು? ಅದಕ್ಕ ಸಾಲ ತಗೊಂಡವರನ್ನ ಒಬ್ಬೊಬ್ಬರನ್ನ ಕರಿಸಿ, ಅವರ ಕಾಗದ ಅವರ ಕೈಲೇ ಓದಸಾಕ ಹತ್ತೀನಿ. ಎರಡೂ ಕೂಡಿ ಬಂದ್ರ ನಂಬ್ತೀನಿ.”

“ಕೂಡಿ ಬರದಿದ್ರ?”

“ಇಬ್ಬರನ್ನೂ ನಂಬಾಂಗಿಲ್ಲ.”

ನನ್ನ ಅಡಮಾನ ಪತ್ರವನ್ನು ತೆಗೆದುಕೊಟ್ಟರು. ಓದತೊಡಗಿದೆ. ತುಂಗಾ ಅಭ್ಯಾಸದಂತೆ ನನ್ನ ಮಗ್ಗುಲಿಗೆ ಸರಿದು ಕೂತು ಕಾಗದದ ಅಂಚಿಗೆ ಬೆರಳು ಹಚ್ಚಿದಳು. ಮನೆಯ ಚಕ್ಕುಬಂದಿ, ಅಸಲು, ಬಡ್ಡಿ, ಗಡುವು, ಎಲ್ಲವೂ ಸರಾಗವಾಗಿ ಸಾಗಿದವು. ಆಮೇಲೆ ಆ ಸಾಲು ಬಂತು. ಎರಡು ವರ್ಷದ ಬಡ್ಡಿ ಒಟ್ಟಿಗೆ ನಿಂತರೆ ಗಡುವಿಗೆ ಕಾಯದೆ ಮನೆಯನ್ನು ಸಾಲ ಕೊಟ್ಟವರ ಸ್ವಾಧೀನಕ್ಕೆ ಬಿಡತಕ್ಕದ್ದು ಎಂಬ ಸಾಲು. ಮೈದುನ ಅದನ್ನು ಓದಿ ಹೇಳಿಯೇ ಇರುತ್ತಾನೆ, ನಾನು ಬಿಟ್ಟರೆ ಸಿಕ್ಕಿಬೀಳುತ್ತೇನೆ ಎಂಬಷ್ಟು ತರ್ಕ ಹದಿನೆಂಟು ವರ್ಷ ಕೋರ್ಟಿನಲ್ಲಿ ಸವೆದ ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಕಣ್ಣು ಆ ಸಾಲನ್ನು ಕಂಡಿತು, ನಾಲಿಗೆ ಅದರ ಮೇಲಿನಿಂದ ಹಾರಿ ಆಚೆಯ ಸಾಲಿನಲ್ಲಿ ಇಳಿಯಿತು.

“ಅಪ್ಪಾ, ಒಂದು ಸಾಲು ಬಿಟ್ರಿ” ಎಂದಳು ತುಂಗಾ.

ನಾನು ಓದುವುದನ್ನು ನಿಲ್ಲಿಸಿದೆ.

“ಏನ್ ಬಿಟ್ಟಾರ?” ಎಂದರು ಪಂಪಮ್ಮ.

“ಒಂದು ಸಾಲು. ಇಲ್ಲಿಂದ ಇಲ್ಲಿಗೆ ಹಾರಿದ್ರು. ಈಗ ನನಗ ಬೆಲ್ಲ ಕೊಡಬೇಕು.”

“ನೀನು ಓದ್ತೀಯೇನು? ಓದು ನೋಡೂಣು.”

ತುಂಗಾ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಮನೆಯಲ್ಲಿ ಓದುವಂತೆಯೇ ಗಟ್ಟಿಯಾಗಿ, ಹೆಮ್ಮೆಯಿಂದ ಓದಿದಳು. ‘ಎರಡು ವರ್ಷದ ಬಡ್ಡಿ’ ಎನ್ನುವವರೆಗೆ ಅವಳಿಗೆ ಅದು ಬರೀ ಅಕ್ಷರವಾಗಿತ್ತು. ‘ಮನೆಯನ್ನು’ ಎಂಬಲ್ಲಿ ದನಿ ತಗ್ಗಿತು. ‘ಸ್ವಾಧೀನಕ್ಕೆ’ ಎಂಬುದರ ಅರ್ಥ, ನನ್ನ ಪಕ್ಕದಲ್ಲಿ ಕೂತು ಬೆಳೆದ ಆ ಮಗುವಿಗೆ, ಎಂಟು ವರ್ಷದ ಬೇರೆ ಯಾವ ಮಗುವಿಗಿಂತಲೂ ಚೆನ್ನಾಗಿ ತಿಳಿದಿತ್ತು. ಸಾಲನ್ನು ಮುಗಿಸಿ ನನ್ನ ಕಡೆ ನೋಡಿದಳು.

“ಇದು ನಮ್ಮ ಮನೀದಾ ಅಪ್ಪಾ?”

“ಹೌದು ಮಗಾ.”

ಪಂಪಮ್ಮನವರು ಬೆರಳು ಮಡಿಸಿ ಎಣಿಸಿದರು. “ಎರಡು ವರ್ಷದ ಬಡ್ಡಿ ನಿಂತೈತಿ. ಅಂದ್ರ, ನಾ ಕೇಳಿದ್ರ ಮನಿ ಈಗ ನಂದು.”

“ನಿಮ್ದ, ಅಮ್ಮಾರ.”

“ಮೈದುನನೂ ಈ ಮಾತು ಓದಿದ್ದ. ಕೂಡಿ ಬಂತು.”

“ನಾನು ಓದ್ಲಿಲ್ಲ” ಎಂದೆ. ಮಗಳ ಮುಂದೆಯೇ ಹೇಳಬೇಕಾಗಿ ಬಂತು. “ಅಂಜಿ ಬಿಟ್ಟೆ.”

“ಅಂಜಿದವರು ಬಡ್ಡಿ ನಿಂತಾಗನ ಬಂದು ಹೇಳಬೇಕಿತ್ತು ರಾಯರ” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮವರಿಗೆ ನಿಮ್ಮ ಮನಿಯಾಕಿ ತೀರಿಕೊಂಡ ಸುದ್ದಿ ಬಂದಿತ್ತು. ಮೈದುನ ನೋಟೀಸು ಕೊಡೂಣು ಅಂದ. ಬ್ಯಾಡ, ತಾವ ಬರ್ತಾರ, ಬಂದಾಗ ಮಾತಾಡೂಣು ಅಂದ್ರು ಇವರು. ಕಣ್ಣು ಮುಚ್ಚೂತನಕ ಹಾದಿ ನೋಡಿದ್ರು. ನೀವು ಬರಲಿಲ್ಲ.”

ನಾನು ಸಂದಿಗಳಲ್ಲಿ ಅಡಗುತ್ತಿದ್ದಾಗ ಇಲ್ಲಿ ಒಬ್ಬ ಮನುಷ್ಯ, ನಾನು ಬಂದರೆ ಕೂತು ಮಾತಾಡಬಹುದೆಂದು ನನ್ನ ಹಾದಿ ನೋಡುತ್ತಿದ್ದ. ನಾನು ಅವನ ಮುಖದ ಬದಲು ಅವನ ಕಾಗದವನ್ನು ಮಾತ್ರ ನೆನೆಯುತ್ತಿದ್ದೆ. ಈಗ ಆ ಮನುಷ್ಯನೇ ಇರಲಿಲ್ಲ. ಆ ದಿನ ನನಗಾದ ನಾಚಿಕೆಯಲ್ಲಿ ಸಾಲು ಬಿಟ್ಟದ್ದರ ಪಾಲು ಸಣ್ಣದು, ಇದರದೇ ದೊಡ್ಡದು.

“ಬಳ್ಳಾರ್ಯಾಗ ಮನಿ ತಗೊಂಡು ನಾನೇನ್ ಮಾಡ್ಲಿ?” ಎಂದರು ಪಂಪಮ್ಮ. “ನನಗ ರೊಕ್ಕ ಬೇಕು, ಮತ್ತ ಓದೋರು ಬೇಕು. ಎಷ್ಟು ದಿನ ರಜಾ ಐತಿ ನಿಮಗ?”

ಮೂರು ದಿನ ಉಳಿದೆವು. ಊಟಕ್ಕೂ ಮಲಗುವುದಕ್ಕೂ ಹೊಳೆಯ ದಂಡೆಯ ಮಠ, ಹಗಲೆಲ್ಲ ಪಂಪಮ್ಮನವರ ಪಡಸಾಲೆ. ಪೆಟ್ಟಿಗೆಯಲ್ಲಿ ನಲವತ್ತು ಕಾಗದಗಳಿದ್ದವು. ನಾನು ಓದಬೇಕು, ತುಂಗಾ ಬೆರಳಿಟ್ಟು ನೋಡಬೇಕು, ಇದು ಅವರ ಏರ್ಪಾಡು. ನನ್ನೊಬ್ಬನನ್ನೇ ಅವರು ನಂಬಲಿಲ್ಲ, ಅದು ಸರಿಯೇ. ಎರಡು ಕಾಗದಗಳಲ್ಲಿ ಮೈದುನ ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಸಿಕ್ಕಿತು. ಅವರು ಆ ಎರಡನ್ನು ಬೇರೆಯಾಗಿ ಕಟ್ಟಿಟ್ಟರು. ಮುಂದೇನಾಯಿತೆಂದು ನಾನು ಕೇಳಲಿಲ್ಲ.

ಮೂರನೆಯ ದಿನ ಕೊನೆಯ ಕಾಗದ ಮುಗಿದಾಗ ಅವರು ತುಂಗಾಳನ್ನು ಕರೆದು, “ಇದರಾಗ ನನ್ನ ಹೆಸರು ಎಲ್ಲೈತಿ, ತೋರಸವ್ವ” ಎಂದರು. ತುಂಗಾ ಒಂದೊಂದಾಗಿ ನಲವತ್ತನ್ನೂ ತಿರುವಿ ನೋಡಿದಳು. ಎಲ್ಲೂ ಇರಲಿಲ್ಲ. ಸಾಹುಕಾರರ ಹೆಸರಿತ್ತು, ಅವರ ತಂದೆಯ ಹೆಸರಿತ್ತು, ಸಾಕ್ಷಿಗಳ ಹೆಸರಿದ್ದವು, ಪಕ್ಕದ ಹೊಲದವರ ಹೆಸರೂ ಇದ್ದವು.

“ಇಲ್ಲ” ಎಂದಳು ತುಂಗಾ, ತನ್ನದೇ ತಪ್ಪೆಂಬಂತೆ. ಆಮೇಲೆ ಬಳಪ ತೆಗೆದುಕೊಂಡು ನೆಲದ ಮೇಲೆ ದೊಡ್ಡದಾಗಿ ಬರೆದಳು: ಪಂಪಮ್ಮ. ಅವರು ಬಗ್ಗಿ ನೋಡಿದರು. ಮೊದಲಿನ ಎರಡು ಅಕ್ಷರ ಒಂದೇ ಥರ ಇವೆಯಲ್ಲ ಎಂದರು. ಮೊದಲನೆಯದಕ್ಕೆ ಸೊನ್ನೆ ಇದೆ, ನೋಡಿ ಎಂದಳು ತುಂಗಾ. ಅವರು ಬಳಪ ಇಸಿದುಕೊಂಡು ಆ ಸೊನ್ನೆಯ ಮೇಲೆ ಇನ್ನೊಮ್ಮೆ ತಿದ್ದಿದರು. ಅದು ಅವರು ಬರೆದ ಮೊದಲನೆಯ ಅಕ್ಷರ. ಅಕ್ಷರವೂ ಅಲ್ಲ, ಒಂದು ಸೊನ್ನೆ. ಆದರೆ ಎದ್ದು ಕೂತಾಗ ಅವರ ಮುಖದಲ್ಲಿ ಇದ್ದದ್ದನ್ನು ನಾನು ಅದುವರೆಗೆ ಯಾವ ಸಾಹುಕಾರನ ಮುಖದಲ್ಲೂ ಕಂಡಿರಲಿಲ್ಲ.

ಅಂದೇ ಒಪ್ಪಂದವಾಯಿತು. ಅಸಲಿನೊಡನೆ ನಿಂತ ಬಡ್ಡಿಯನ್ನೂ ಮೂರು ವರ್ಷದಲ್ಲಿ ತಿಂಗಳ ಕಂತಿನಂತೆ ತೀರಿಸುವುದು. ಅವರ ಕಾಗದಪತ್ರಗಳನ್ನು ಓದಿ, ಬರೆದು ಕೊಟ್ಟದ್ದಕ್ಕೆ ಆಗುವ ಮಜೂರಿಯನ್ನು ಮುಂದಿನ ಬಡ್ಡಿಯಲ್ಲಿ ಮುರಿದುಕೊಳ್ಳುವುದು. ತಿಂಗಳಿಗೊಮ್ಮೆ ಹತ್ತಿ ಮಾರಲು ಅವರು ಬ್ರೂಸ್‌ಪೇಟೆಗೆ ಬರುತ್ತಿದ್ದರು. ಆಗ ನಮ್ಮ ಮನೆಯ ಜಗಲಿಯ ಮೇಲೆ ತುಂಗಾ ಅವರಿಗೆ ಪಾಠ ಹೇಳಬೇಕು. ಈ ಕೊನೆಯ ಷರತ್ತಿಗೆ ಪ್ರತಿಫಲವೇನೆಂದು ಅವರು ನನ್ನನ್ನು ಕೇಳಲಿಲ್ಲ, ತುಂಗಾಳನ್ನೇ ಕೇಳಿದರು. ಬೆಲ್ಲವೆಂದು ನಿಶ್ಚಯವಾಯಿತು.

ಹಿಂದಿರುಗುವಾಗ ಕುರುಗೋಡಿನಲ್ಲಿ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಮದುವೆ ಬೇಡವೆಂದೆ.

“ಸಾಲ ಹೆಂಗ ತೀರಸ್ತಿ?”

“ನಿಧಾನಕ್ಕ.”

“ಹುಡುಗಿ ನಿನಗ ಒಪ್ಪಲಿಲ್ಲೇನು?”

“ಹುಡುಗಿ ಬಾಳ ಒಳ್ಳೇಕಿ ಅಕ್ಕಾ. ಅಂಜ್ಯಾಳ. ಅಂಜಿಕೀ ಅಂದ್ರೇನಂತ ನನಗ ಈಗ ಚೆನ್ನಾಗಿ ಗೊತ್ತದ.”

ಅಕ್ಕ ಎರಡು ತಿಂಗಳು ನನಗೆ ಕಾಗದ ಹಾಕಲಿಲ್ಲ. ಆಮೇಲೆ ಉಪ್ಪಿನಕಾಯಿಯ ಭರಣಿ ಬಂತು, ಕಾಗದವಿಲ್ಲದೆ. ಸೀತಾಳಿಗೆ ಮರುವರ್ಷವೇ ಆದವಾನಿಯ ಕಡೆಯ ತರುಣ ಉಪಾಧ್ಯಾಯನೊಬ್ಬನೊಡನೆ ಮದುವೆಯಾಯಿತು. ಅವನಿಗೆ ಜಾತಕದಲ್ಲಿ ನಂಬಿಕೆಯಿರಲಿಲ್ಲವೋ, ಅವನ ಜಾತಕದಲ್ಲೂ ಅಷ್ಟೇ ದೋಷವಿತ್ತೋ ತಿಳಿಯದು. ನಾನು ಮದುವೆಗೆ ಹೋಗಿ ಎರಡು ಪಂಕ್ತಿಗೆ ಬಡಿಸಿದೆ. ಪಾಯಸ ಬಡಿಸುವಾಗ ಸೀತಾ ನನ್ನನ್ನು ಗುರುತಿಸಿ ನಕ್ಕಳು.

ಆ ಮೂರು ವರ್ಷ ಹೂವಿನ ಹಾಸಿಗೆಯಾಗಿರಲಿಲ್ಲ. ಮನೆಯ ಮುಂಭಾಗದ ಎರಡು ಅಂಕಣವನ್ನು ವಕೀಲರ ಗುಮಾಸ್ತನೊಬ್ಬನಿಗೆ ಬಾಡಿಗೆಗೆ ಕೊಟ್ಟೆ. ಗೋಡೆ ಏಳಬಾರದೆಂದು ಸಾಲ ಮಾಡಿದ ಮನೆಯಲ್ಲಿ ನಾನೇ ಅಡ್ಡಲಾಗಿ ಬಿದಿರಿನ ತಟ್ಟಿ ಕಟ್ಟಿಸಿದೆ. ಕಾಫಿಯೆಂಬ ಹೊಸ ಚಟ ಓಣಿಗೆ ಕಾಲಿಡುತ್ತಿತ್ತು, ಅದನ್ನು ನಮ್ಮ ಹೊಸ್ತಿಲು ದಾಟಗೊಡಲಿಲ್ಲ. ಒಂದು ವರ್ಷ ತುಂಗಾಳಿಗೆ ದೀಪಾವಳಿಗೆ ಹೊಸ ಲಂಗ ಬರಲಿಲ್ಲ. ಅವಳು ಕೇಳಲಿಲ್ಲ, ಅದೇ ನನಗೆ ಕ್ಲೇಶವಾಯಿತು. ಕಂತು ಕೊಡಲಾಗದ ತಿಂಗಳುಗಳೂ ಬಂದವು. ಆದರೆ ಅಂಥ ತಿಂಗಳಲ್ಲಿ ಈಗ ನಾನು ಸಂದಿಗೆ ಸರಿಯುತ್ತಿರಲಿಲ್ಲ. ಪಂಪಮ್ಮನವರು ಜಗಲಿಯ ಮೇಲೆ ಕೂತ ಕೂಡಲೆ ಮೊದಲ ಮಾತಾಗಿ, “ಈ ತಿಂಗಳ ಇಲ್ರಿ ಅಮ್ಮಾರ” ಎಂದುಬಿಡುತ್ತಿದ್ದೆ. ಅವರು, “ಆತು, ಮುಂದಿನ ತಿಂಗಳ ಕೂಡಿಸಿ ಕೊಡ್ರಿ” ಎಂದು ಹೇಳಿ ಹಲಗೆ ತೆಗೆಯುತ್ತಿದ್ದರು. ಈ ಎರಡು ಮಾತಿನ ನಡುವಿನ ಹೊತ್ತನ್ನು ತಪ್ಪಿಸಿಕೊಳ್ಳಲು ನಾನು ಎರಡು ವರ್ಷ ಊರೆಲ್ಲ ಸುತ್ತಿದ್ದೆನಲ್ಲ ಎಂದು ನನಗೆ ನಗು ಬರುತ್ತಿತ್ತು. ಓದುಗರಲ್ಲಿ ಯಾರಿಗಾದರೂ ಇಂಥ ಕಾಗದವೊಂದು ಯಾವುದೋ ಪೆಟ್ಟಿಗೆಯಲ್ಲಿದ್ದರೆ, ಅದನ್ನು ಒಮ್ಮೆ ಗಟ್ಟಿಯಾಗಿ ಓದಿಸಿಕೊಳ್ಳಿರೆಂದು ಮಾತ್ರ ಹೇಳಬಲ್ಲೆ. ನನಗೆ ತಿಳಿದಮಟ್ಟಿಗೆ, ಭಯ ವಾಸವಾಗಿರುವುದು ನಾವು ಓದದೆ ಬಿಟ್ಟ ಸಾಲಿನಲ್ಲಿ. ಓದಿದ ಮೇಲೆ ಉಳಿಯುವುದು ಕಷ್ಟ ಮಾತ್ರ, ಮತ್ತು ಕಷ್ಟಕ್ಕೆ ಒಂದು ಅಳತೆಯಿರುತ್ತದೆ.

ಪಂಪಮ್ಮನವರ ವಿದ್ಯಾಭ್ಯಾಸ ನನ್ನ ಕಂತುಗಳಿಗಿಂತ ವೇಗವಾಗಿ ಸಾಗಿತು. ಒತ್ತಕ್ಷರ ಬಂದಾಗ ಆರು ತಿಂಗಳು ತಿಣುಕಿದರು. ತುಂಗಾ ಕಟ್ಟುನಿಟ್ಟಿನ ಉಪಾಧ್ಯಾಯಿನಿ. ತಪ್ಪಿದರೆ ಹತ್ತು ಸಲ ತಿದ್ದಿಸುತ್ತಿದ್ದಳು. ಓಣಿಯವರು ಮೊದಮೊದಲು ನಕ್ಕರು. ಐವತ್ತು ದಾಟಿದ ವಿಧವೆ, ಅದೂ ಹಣ ಕೊಟ್ಟವಳು, ಹಣ ತೆಗೆದುಕೊಂಡವನ ಜಗಲಿಯ ಮೇಲೆ ಅವನ ಮಗಳಿಂದ ಬೈಸಿಕೊಳ್ಳುತ್ತ ಕೂರುವುದು ಲೋಕರೂಢಿಗೆ ವಿರುದ್ಧವಾಗಿತ್ತು. ಎರಡನೆಯ ವರ್ಷ ಪಕ್ಕದ ಮನೆಯ ಸೊಸೆ ತನ್ನ ತವರಿನಿಂದ ಬಂದ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ತುಂಗಾಳ ಪಕ್ಕದಲ್ಲಿ ಕೂತಳು. ಆಮೇಲೆ ನಗು ಕಡಿಮೆಯಾಯಿತು.

ಕೊನೆಯ ಕಂತು ಕೊಟ್ಟ ತಿಂಗಳು ಪಂಪಮ್ಮನವರೂ ನಾನೂ ತುಂಗಾಳೂ ಬಳ್ಳಾರಿಯ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಸಾಲ ಪೂರ್ತಿ ಸಂದಿದೆ, ಮನೆಯ ಮೇಲೆ ಇನ್ನು ಹಕ್ಕಿಲ್ಲ ಎಂಬ ಪತ್ರ ಸಿದ್ಧವಾಗಿತ್ತು. ಗುಮಾಸ್ತ ಅದನ್ನು ಮೇಜಿನ ಮೇಲೆ ಹರಡಿ, ಅಡಿಯಲ್ಲಿ ಒಂದು ಗೀಟು ಎಳೆದು, ತಲೆ ಎತ್ತದೆ ಹೇಳಿದ: “ಇಲ್ಲಿ ನಿಶಾನಿ ಹಾಕವ್ವ.”

“ನಿಶಾನಿ ಯಾಕ? ಸಹಿ ಮಾಡ್ತೀನಿ” ಎಂದರು ಪಂಪಮ್ಮ. “ಅದಕ್ಕಿಂತ ಮೊದಲ ಓದ್ತೀನಿ, ತಾಳ್ರಿ.”

ಅವರು ನಿಂತೇ ಓದಿದರು, ಬೆರಳಿಟ್ಟು, ಒಂದೊಂದೇ ಸಾಲು. ಹಿಂದೆ ಕಾಯುತ್ತಿದ್ದವರು ಗೊಣಗಿದರು, ಗುಮಾಸ್ತ ಎರಡು ಸಲ ಕೆಮ್ಮಿದ. ಅವರು ಅವಸರ ಮಾಡಲಿಲ್ಲ. ಓದು ಮುಗಿದ ಮೇಲೆ ಲೇಖನಿ ಹಿಡಿದು, ಮಸಿ ಎರಡು ಕಡೆ ಚೆಲ್ಲಿಸಿ, ತಮ್ಮ ಹೆಸರು ಬರೆದರು. ಸಿರುಗುಪ್ಪದ ಪೆಟ್ಟಿಗೆಯ ನಲವತ್ತು ಕಾಗದಗಳಲ್ಲಿ ಇಲ್ಲದ ಹೆಸರು ಮೊದಲ ಸಲ ಒಂದು ಕಾಗದದ ಮೇಲೆ ಬಿದ್ದದ್ದು ನನ್ನ ಮನೆಯನ್ನು ಬಿಡಿಸುವುದಕ್ಕಾಗಿ. ತುಂಗಾ ಉಸಿರು ಹಿಡಿದು ನೋಡುತ್ತಿದ್ದಳು. ಹನ್ನೊಂದು ವರ್ಷದ ಅವಳಿಗೆ ಆಗಲೇ ಓಣಿಯವರು ಸಂಬಂಧ ಹೇಳುತ್ತಿದ್ದರು, ಓದು ಬಿಡಿಸದ ಮನೆಯಾದರೆ ಮಾತ್ರ ಮಾತೆಂದು ನಾನು ಹೇಳಿದ್ದೆ. ಆ ಚಿಂತೆ ಈಗ ಹೊಸದಾಗಿ ನನ್ನ ಪಾಲಿಗೆ ಬಂದಿದೆ. ಬಂದರೆ ಬರಲಿ, ಇದನ್ನೂ ಎದುರು ಕೂತು ಮಾತಾಡುವುದೆಂದು ನಿಶ್ಚಯಿಸಿದ್ದೇನೆ.

ಹೊರಗೆ ಬಂದು ಗಾಡಿ ಹತ್ತಿದ ಮೇಲೆ ಪಂಪಮ್ಮ ನನ್ನ ಕಡೆ ಬಗ್ಗಿದರು. “ಸಾಲ ಮುಗೀತು ರಾಯರ. ಸಾಲಿ ಮುಗಿದಿಲ್ಲ. ಮುಂದಿನ ತಿಂಗಳಿಂದ ಮಗ್ಗಿ.”

“ಮಗ್ಗಿಗೆ ಬೆಲ್ಲ ಜಾಸ್ತಿ” ಎಂದಳು ತುಂಗಾ.

ಗಾಡಿ ಹೊರಟಿತು. ಪೇಟೆಯ ಬೀದಿಯಲ್ಲಿ ಅಂಗಡಿಗಳ ಹಲಗೆಗಳು ಸಾಲಾಗಿ ತೂಗುತ್ತಿದ್ದವು, ಕೆಲವು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ, ಉರ್ದುವಿನಲ್ಲಿ. ಮೊದಲ ಹಲಗೆಯ ಮುಂದೆಯೇ ಪಂಪಮ್ಮ ಗಾಡಿ ನಿಲ್ಲಿಸಿದರು. “ಹತ್ತಿ... ಮತ್ತು... ಎಣ್ಣೆ” ಎಂದು ಓದಿದರು. ಮುಂದೆ ಹೋಗಿ ಇನ್ನೊಂದರ ಎದುರು ನಿಲ್ಲಿಸಿದರು. ಗಾಡಿಯವನು ಬಿಸಿಲು ಏರುತ್ತಿದೆ ಎಂದಿರಬೇಕು. ಅವರು ಕೈ ಮಾಡಿ ಸುಮ್ಮನಿರಿಸಿದರು. ನಾನೂ ತುಂಗಾಳೂ ರಸ್ತೆಯ ನಡುವೆ, ಎಲ್ಲರಿಗೂ ಕಾಣುವಂತೆ ನಿಂತು ನೋಡುತ್ತಿದ್ದೆವು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ, ಔಷಧದ ಅಂಗಡಿಯ ಹಲಗೆಯ ಮೇಲಿನ ಕಠಿಣ ಪದವೊಂದನ್ನು ಅಕ್ಷರ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದ ಅವರ ದನಿ ಕೇಳಿಸುತ್ತಲೇ ಇತ್ತು.